ರವಿವಾರದ ಟೀ ಶರ್ಟುಗಳು

ಅಪ್ಪನಿಗೆ ಪಾರ್ಶ್ವವಾಯು ಬಡಿದಾಗ ಅವನು ಬ್ಯಾಡಗಿಯ ಮನೆಯ ಹಿತ್ತಲಿನಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದಂತೆಯೇ ಅಣ್ಣ ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಹಾವೇರಿಯ ಆಸ್ಪತ್ರೆಗೆ ತಂದ. ಎರಡು ವಾರದ ಮೇಲೆ ಮನೆಗೆ ಕಳಿಸಿದಾಗ ಅವನ ಬಲಗಾಲು ಎಳೆಯುತ್ತಿತ್ತು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು, ಮಾತು ಹೋಗಿತ್ತು. ಪೂರ್ತಿ ಹೋಗಿತ್ತು ಎನ್ನುವಂತೆಯೂ ಇರಲಿಲ್ಲ. ಒಂದೇ ಒಂದು ಮಾತು ಉಳಿದಿತ್ತು: "ಹಂಗಲ್ಲ."

ಚಹಾ ಬೇಕೇ ಎಂದು ಕೇಳಿದರೆ ಹಂಗಲ್ಲ. ಬೇಡವೇ ಎಂದರೂ ಹಂಗಲ್ಲ. ನೆಂಟರು ಬಂದು ಕೈ ಹಿಡಿದುಕೊಂಡು ಅತ್ತರೆ, ಅವರ ಮುಖ ನೋಡಿ ಮೆಲ್ಲಗೆ, ಸಮಾಧಾನ ಮಾಡುವವನಂತೆ, ಹಂಗಲ್ಲ. ಹೇಳಬೇಕಾದದ್ದು ಅವನ ತಲೆಯಲ್ಲಿ ಇದ್ದೇ ಇತ್ತು, ಬಾಯಿಗೆ ಬರುವಷ್ಟರಲ್ಲಿ ಅದೊಂದೇ ಆಗಿಬಿಡುತ್ತಿತ್ತು. ನಲವತ್ತು ವರ್ಷ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸಿದವನು, ದಿನವೆಲ್ಲ ಮಾತಾಡಿಯೇ ಬದುಕಿದವನು. ಅವ್ವ ಇದ್ದಾಗ, ನಿಮ್ಮ ಬಾಯಿಗೆ ರಜೆ ಅನ್ನೋದ ಇಲ್ಲೇನ್ರಿ ಎನ್ನುತ್ತಿದ್ದಳು.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಅಪ್ಪ ಇರುವುದು ಬ್ಯಾಡಗಿಯಲ್ಲಿ, ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿಯ ಜೊತೆ. ವಾರಕ್ಕೊಮ್ಮೆ ಅಣ್ಣ ಅವನನ್ನು ಹಾವೇರಿಯ ಆಸ್ಪತ್ರೆಗೆ ಕರೆತರುತ್ತಿದ್ದ, ಶಾಲೆ ಮುಗಿಸಿಕೊಂಡು ನಾನೂ ಬಂದು ಸೇರಿಕೊಳ್ಳುತ್ತಿದ್ದೆ. ಮಾತು ಕಲಿಸುವ ಡಾಕ್ಟರ್ ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಅವಳು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು: ಸೇಬು, ಚೆಂಡು, ಬಾತುಕೋಳಿ. ಅಪ್ಪ ಮೊದಲ ಕಾರ್ಡು ನೋಡಿದ. ಎರಡನೆಯದನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದ. ಮೂರನೆಯದಕ್ಕೆ ಕಣ್ಣು ಮುಚ್ಚಿ ಕೂತ. ಎಲ್ಲ ಅಂಗನವಾಡಿ ಮಕ್ಕಳಿಗೆ ಬರೆದ ಚಿತ್ರಗಳು. ಎರಡು ತಿಂಗಳು ಹೀಗೇ ಕಳೆಯಿತು.

ಆ ಚಳಿಗಾಲದಲ್ಲಿ ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ನಾಲ್ಕು ತಂಡಗಳ ಟೀ ಶರ್ಟಿನ ಮೇಲೆ ನಾನೇ ಕೈಯಿಂದ ಹೆಸರು ಬರೆದಿದ್ದೆ. ಬಟ್ಟೆಗೆ ಹಚ್ಚುವ ಬಣ್ಣ ಒಂದಿಷ್ಟು ಉಳಿಯಿತು, ಒಂದು ಬಿಳಿ ಶರ್ಟೂ ಉಳಿಯಿತು. ಬೇಸರ ಕಳೆಯಲು ಅದರ ಮೇಲೆ ಅಡುಗೆಮನೆಯಲ್ಲಿದ್ದ ಒಂದು ಒಣಮೆಣಸಿನಕಾಯಿಯನ್ನು ನೋಡಿ ದೊಡ್ಡದಾಗಿ ಬರೆದೆ. ಕೆಳಗೆ "ಕಡ್ಡಿ" ಎಂದು ಅಕ್ಷರ ಬರೆದೆ. ಬ್ಯಾಡಗಿ ಕಾಯಿಯಲ್ಲಿ ಉದ್ದಕ್ಕೆ ಸಣ್ಣಗಿರುವುದು ಕಡ್ಡಿ, ಗಿಡ್ಡಕ್ಕೆ ದಪ್ಪಗಿರುವುದು ಡಬ್ಬಿ. ನಾನು ಬರೆದದ್ದು ದಪ್ಪ ಕಾಯಿ. ಮೆಣಸಿನಕಾಯಿ ದಲಾಲಿಯ ಮಗಳಾಗಿಯೂ ಅದು ನನ್ನ ಗಮನಕ್ಕೇ ಬರಲಿಲ್ಲ.

ರವಿವಾರ ಅದನ್ನೇ ಚೂಡಿದಾರದ ಪ್ಯಾಂಟಿನ ಮೇಲೆ ಹಾಕಿಕೊಂಡು ಬಸ್ಸು ಹತ್ತಿದೆ. ಬಾಗಿಲು ತೆಗೆದ ವೈನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಸ್ಸಿನ್ಯಾಗ ಹಿಂಗ ಬಂದ್ಯಾ? ಮ್ಯಾಲೊಂದು ಓಡಣಿನರೆ ಹೊದ್ಕೋಬಾರದ?"

"ಓಡಣಿ ಹೊದ್ದರ ಚಿತ್ರ ಕಾಣಂಗಿಲ್ಲಲ್ಲ ವೈನಿ."

ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ. ನನ್ನ ಎದೆಯ ಮೇಲಿನ ಚಿತ್ರವನ್ನು ನೋಡಿದ. ಹುಬ್ಬು ಗಂಟಿಕ್ಕಿ, "ಹಂಗಲ್ಲ" ಎಂದ. ಅದು ದಿನದ ಮಾತೇ ಆದ್ದರಿಂದ ನಾನು ಲಕ್ಷ್ಯ ಕೊಡದೆ ಚೀಲದಿಂದ ಹಣ್ಣು ತೆಗೆಯತೊಡಗಿದೆ. ಅವನು ಕೋಲು ಊರಿ ಎದ್ದ. ಹತ್ತಿರ ಬಂದು ಎಡಗೈ ಬೆರಳನ್ನು "ಕಡ್ಡಿ" ಎಂಬ ಅಕ್ಷರದ ಮೇಲೆ ಇಟ್ಟು ಒರೆಸುವಂತೆ ಆಡಿಸಿದ. ಮತ್ತೆ ಕಾಯಿಯ ಮೇಲೆ ಇಟ್ಟ. ಅವನ ಬಾಯಿ ಎರಡು ಸಲ ಖಾಲಿ ತೆರೆದು ಮುಚ್ಚಿತು.

"ಡಬ್ಬಿ," ಎಂದ.

ರೊಟ್ಟಿ ಬಡಿಯುತ್ತಿದ್ದ ವೈನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನಂದ್ರಿ ಮಾವಾರ? ಇನ್ನೊಮ್ಮೆ ಅನ್ರಿ." ಅಪ್ಪ ಇನ್ನೊಮ್ಮೆ ಅನ್ನಲಿಲ್ಲ. ತನಗೂ ಗಾಬರಿಯಾದವನಂತೆ ಕುರ್ಚಿಗೆ ಹೋಗಿ ಕೂತ. ನಾವಿಬ್ಬರೂ ಅತ್ತೆವು. ಅವನು ಅಳಲಿಲ್ಲ.

ಡಾಕ್ಟರಿಗೆ ಹೇಳಿದಾಗ ಅವಳು ಕಾರ್ಡುಗಳನ್ನು ಮೇಜಿನ ಖಾನೆಯಲ್ಲಿ ಇಟ್ಟುಬಿಟ್ಟಳು. "ಅವರಿಗೆ ಗೊತ್ತಿರೋ ವಿಷಯ ತಗೊಂಡ ಬರ್ರಿ ಮೇಡಂ. ತಪ್ಪಿದ್ರ ತಿದ್ದೋ ಸ್ವಭಾವ ಐತಿ ಅವರ್ದು. ಅದನ್ನ ಹಿಡೀರಿ," ಎಂದಳು. ಹಾಗಾಗಿ ನಾನೊಂದು ನಿಶ್ಚಯ ಮಾಡಿದೆ. ಒಂದು ವರ್ಷ, ಪ್ರತಿ ರವಿವಾರ ಹೊಸದೊಂದು ಟೀ ಶರ್ಟು. ಒಂದು ಚಿತ್ರ, ಒಂದು ಶಬ್ದ, ನಡುನಡುವೆ ಬೇಕೆಂದೇ ಒಂದು ತಪ್ಪು. ಕೈಯಿಂದಲೇ ಬರೆಯುವುದು, ಅದನ್ನು ಹಾಕಿಕೊಂಡೇ ಅಪ್ಪನ ಮುಂದೆ ಕೂಡುವುದು. ಕಾಗದದ ಮೇಲೆ ಬರೆದು ತೋರಿಸಬಹುದಿತ್ತು. ಆದರೆ ಕಾಗದವನ್ನು ಅವನು ಬೋರಲು ಹಾಕುತ್ತಿದ್ದ, ನನ್ನನ್ನು ಹಾಗೆ ಮಾಡುವಂತಿರಲಿಲ್ಲ.

ಖಾಲಿ ಶರ್ಟುಗಳು ರಾಣೆಬೆನ್ನೂರಿನ ಬಟ್ಟೆ ಅಂಗಡಿಯೊಂದರಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತಿದ್ದವು. ಬರೆಯುವುದು ಮಾತ್ರ ನಾನು ತಿಳಿದಷ್ಟು ಸುಲಭವಿರಲಿಲ್ಲ. ಮಕ್ಕಳ ಶರ್ಟಿನ ಮೇಲೆ ಇಂಗ್ಲಿಷಿನ ನಾಲ್ಕು ಅಕ್ಷರ ಬರೆಯುವುದು ಬೇರೆ, ಒತ್ತಕ್ಷರ ಇರುವ ಕನ್ನಡ ಬರೆಯುವುದು ಬೇರೆ. ಹೆಣೆದ ಬಟ್ಟೆ ಕುಂಚದ ಜೊತೆ ತಾನೂ ಎಳೆದುಕೊಂಡು ಬರುತ್ತಿತ್ತು. ಬಣ್ಣ ಹರಡಿ ಒತ್ತಕ್ಷರಗಳೆಲ್ಲ ಒಂದಕ್ಕೊಂದು ಅಂಟಿ ಉಂಡೆಯಾಗುತ್ತಿದ್ದವು. "ತಕ್ಕಡಿ" ಎಂದು ಬರೆದದ್ದನ್ನು ಓದಲು ನನಗೇ ಆಗಲಿಲ್ಲ. ಬಟ್ಟೆ ಅಂಗಡಿಯವನೇ ಹೇಳಿದ, ಹಿಂದಿನ ಓಣಿಯಲ್ಲಿ ಬೋರ್ಡು ಬರೆಯುವ ಚಾಚಾ ಇದ್ದಾರೆ, ಕೇಳಿ ನೋಡ್ರಿ ಎಂದು.

ಚಾಚಾನಿಗೆ ಎಪ್ಪತ್ತು ದಾಟಿತ್ತು. ಅಂಗಡಿಗಳ ಬೋರ್ಡು, ಲಾರಿಗಳ ನಂಬರು, ಟ್ರ್ಯಾಕ್ಟರುಗಳ ಹಿಂದಿನ ಹೆಸರು ಬರೆದು ಸಂಸಾರ ನಡೆಸಿದವರು. ಈಗಲೂ ಟ್ರ್ಯಾಕ್ಟರಿನವರು ಬರುತ್ತಾರೆ. ನನ್ನ ತಕ್ಕಡಿಯನ್ನು ಅವರು ಎತ್ತಿ ಹಿಡಿದು ನೋಡಿ ಕೆಳಗಿಟ್ಟರು.

"ಯಾರ ಸಲವಾಗಿ ಇದು?"

ಹೇಳಿದೆ. ಅಪ್ಪನ ಅಂಗಡಿಯ ಗುರುತು ಹೇಳಿದಾಗ ಅವರು ನಕ್ಕರು. "ಆ ಅಂಗಡಿ ಬೋರ್ಡ ಬರದಾವ ನಾನ. ನಿಮ್ಮ ಅಪ್ಪಾರು ಮೂರು ಸಲ ಅಳಸಿ ಬರಸಿದ್ರು. ರಸ್ತೇದಾಗ ನಿಂತು, ಈ ಸೊನ್ನಿ ಸಣ್ಣದಾತು, ಆ ಕೊಂಬು ಓರೆ ಆತು ಅಂತ ಒಂದ ಸವನ ಹೇಳಾವ್ರು. ಅಂಥಾವ್ರಿಗೆ ನೀವು ಇಂಥಾದ್ದು ತೋರಸ್ತೀರಿ?"

ಆಮೇಲೆ ಕೂಡಿಸಿಕೊಂಡು ಕಲಿಸಿದರು. ಶರ್ಟಿನೊಳಗೆ ರಟ್ಟು ತೂರಿಸಿ ಹಿಂದೆ ಪಿನ್ನು ಹಾಕಿ ಬಿಗಿಯುವುದು. ಬಣ್ಣಕ್ಕೆ ನೀರು ಬೆರೆಸದೆ ಇರುವುದು. ಮೊದಲು ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟು ಆಮೇಲೆ ಮೇಲಿನ ಸಾಲು ಹಿಡಿಯುವುದು. ಕುಂಚವನ್ನು ತಳ್ಳದೆ ಎಳೆಯುವುದು. "ಬರದ ಮ್ಯಾಲೆ ಹತ್ತ ಹೆಜ್ಜಿ ಹಿಂದ ಸರದು ನೋಡ್ರಿ ಅಕ್ಕಾರ. ಕೈಯಾಗ ಹಿಡಕೊಂಡು ಓದೋದಲ್ಲ ಇದು," ಎಂದರು. ನಾಲ್ಕೈದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೆ ರಾಣೆಬೆನ್ನೂರಿನ ಬಸ್ಸು ಹಿಡಿದೆ. ಚಿತ್ರಕಲೆಯ ಡಿಪ್ಲೊಮಾದಲ್ಲಿ ಯಾರೂ ನನಗೆ ಕನ್ನಡ ಅಕ್ಷರ ಬರೆಯಲು ಕಲಿಸಿರಲಿಲ್ಲ ಎಂಬುದು ಆಗ ಹೊಳೆಯಿತು.

ತಕ್ಕಡಿ ಸರಿಯಾಯಿತು. ರೊಟ್ಟಿಯ ಚಿತ್ರ ಬರೆದು "ಪೂರಿ" ಎಂದೆ, ಅಪ್ಪ ಒಂದು ತಾಸು ಕಷ್ಟಪಟ್ಟು "ರೊಟ್ಟಿ" ಎಂದ. ನಮ್ಮ ಕಡೆಯ ಜಿಂಕೆ, ಚಿಗರಿಯನ್ನು ಬರೆದು "ಆಡು" ಎಂದಾಗ ಪಾರ್ಶ್ವವಾಯು ಬಡಿದ ಮೇಲೆ ಮೊದಲ ಸಲ ಜೋರಾಗಿ ನಕ್ಕ, ಚಿಗರಿ ಎಂಬ ಶಬ್ದ ಮಾತ್ರ ಬಾಯಿಗೆ ಬರಲಿಲ್ಲ. ಐರಣಿಯ ಹತ್ತಿರದ ಹೊಳೆ, ಗೋಣಿಚೀಲ, ಬಂಡಿ, ಅವನ ಹಳೆಯ ಸ್ಕೂಟರು. ಕೆಲವು ವಾರ ಏನೂ ಆಗುತ್ತಿರಲಿಲ್ಲ, ಅವನು ನನ್ನ ಕಡೆ ನೋಡದೆ ಟಿವಿ ನೋಡುತ್ತಿದ್ದ. ಮೂರು ವಾರದ ಹಿಂದಿನ ಶಬ್ದ ಒಂದು ದಿನ ಊಟದ ನಡುವೆ ತಾನಾಗಿ ಬಂದುಬಿಡುತ್ತಿತ್ತು. ಬಂದದ್ದನ್ನೆಲ್ಲ ವೈನಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. ಟೀ ಶರ್ಟಿನ ಬಗ್ಗೆ ಅವಳ ತಕರಾರು ಎಂದೋ ನಿಂತಿತ್ತು. ನಾನು ಅಲ್ಲೇ ಬಿಚ್ಚಿಟ್ಟು ಹೋದ ಶರ್ಟುಗಳನ್ನು ತೊಳೆದು, ಬಣ್ಣ ಹೋಗದಂತೆ ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ ಇಡುತ್ತಿದ್ದವಳೂ ಅವಳೇ.

ಒಂದು ಸಲ ನನ್ನ ಮುಖವನ್ನೇ ಬರೆದು ಕೆಳಗೆ ನನ್ನ ಹೆಸರು ಬರೆದುಕೊಂಡು ಹೋದೆ. ಅಪ್ಪ ಅದನ್ನು ತಪ್ಪಿಲ್ಲದೆ ಓದಿದ. ಆಮೇಲೆ ನೀರು ಬೇಕಾದಾಗ ಅವ್ವನ ಹೆಸರು ಹಿಡಿದು ನನ್ನನ್ನು ಕರೆದ. ಆ ಹೆಸರೇ ಅವನ ಬಾಯಿಗೆ ಬರುತ್ತದೆ, ಇಂದಿಗೂ. ಮೊದಮೊದಲು ತಿದ್ದುತ್ತಿದ್ದೆ. ಈಗ ಓಗೊಡುತ್ತೇನೆ.

ಮಳೆಗಾಲದಲ್ಲಿ ಒಂದು ರವಿವಾರ ಎತ್ತಿನ ಚಿತ್ರ ಬರೆದು "ಎಮ್ಮಿ" ಎಂದು ಹಾಕಿಕೊಂಡು ಹೋದೆ. ಅಪ್ಪ ಚಿತ್ರವನ್ನು ಬಿಟ್ಟು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಕೋಲು ಎತ್ತಿ ಅಕ್ಷರಕ್ಕೆ ತಗುಲಿಸಿದ.

"ಸುಳ್ಳ," ಎಂದ. ಹೊಸ ಶಬ್ದ. ನಾನು ಖುಷಿಯಿಂದ ವೈನಿಯನ್ನು ಕರೆಯಲು ತಿರುಗಿದೆ. ಅವನು ಇನ್ನೊಮ್ಮೆ, ಈ ಸಲ ಕೋಲನ್ನು ನನ್ನ ಕಡೆಗೇ ಚಾಚಿ, "ಸುಳ್ಳ" ಎಂದ.

ನಾನು ಬೇಕೆಂದೇ ತಪ್ಪು ಬರೆಯುತ್ತಿದ್ದೇನೆ ಎಂದು ಅವನಿಗೆ ತಿಳಿದುಹೋಗಿತ್ತು. ಎಂದಿನಿಂದ ತಿಳಿದಿತ್ತೋ ಗೊತ್ತಿಲ್ಲ. ಆ ಬಾತುಕೋಳಿಯ ಕಾರ್ಡಿಗೂ ನನ್ನ ಎಮ್ಮೆಗೂ ಅವನ ಲೆಕ್ಕದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಆ ದಿನ ನನ್ನ ಕಡೆ ಬೆನ್ನು ಮಾಡಿಯೇ ಊಟ ಮಾಡಿದ. ಹಾವೇರಿಗೆ ಮರಳುವ ಬಸ್ಸಿನಲ್ಲಿ ನನಗೆ ನಾಚಿಕೆಯಾಗಿತ್ತು. ಮುಂದಿನ ವಾರ ಏನೂ ಬರೆಯದ ಸಾದಾ ಶರ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋದೆ. ಅವನ ತೊಡೆಯ ಮೇಲೆ ಇಟ್ಟು, "ಅಪ್ಪಾ, ತಪ್ಪಾತು. ಇನ್ನ ಮ್ಯಾಲೆ ನೀ ಹೇಳಿದ್ದ ಬರೀತೇನಿ," ಎಂದೆ.

ಅವನು ಏನು ಹೇಳಬೇಕೆಂದಿದ್ದಾನೆ ಎಂಬುದು ಅದೇ ಮಧ್ಯಾಹ್ನ ಗೊತ್ತಾಯಿತು. ಮಾರುಕಟ್ಟೆಯ ಹಳೆಯ ಗೆಳೆಯರೊಬ್ಬರು ನೋಡಲು ಬಂದರು. ಒಳ್ಳೆಯ ಮನುಷ್ಯರು, ಮೆಡ್ಲೇರಿ ಕಡೆಯವರು. ಅಪ್ಪನ ಕಿವಿಯ ಹತ್ತಿರ ಬಾಗಿ, ಹೊಲದ ಆಚೆ ಇದ್ದವರನ್ನು ಕೂಗುವ ಹಾಗೆ ಕೂಗಿದರು: "ನಾ ಯಾರು, ಹೇಳ್ರಿ ನೋಡೂಣು? ಗುರ್ತಾ ಹತ್ತಿತೇನು?" ಬಂದವರೆಲ್ಲ ಹೀಗೇ ಮಾಡುತ್ತಿದ್ದರು. ಗೆಳೆಯರು ಹೋದ ಮೇಲೆ ಅಪ್ಪ ಎಡಗೈಯಿಂದ ತನ್ನ ಕಿವಿ ಮುಟ್ಟಿ, ಆ ಖಾಲಿ ಶರ್ಟಿನ ಮೇಲೆ ಬಡಿದ. ಮತ್ತೆ ಕಿವಿ, ಮತ್ತೆ ಶರ್ಟು.

ಆ ಒಂದು ಬರಹ ಸಿದ್ಧವಾಗಲು ಮೂರು ರವಿವಾರ ಹಿಡಿಯಿತು. ನಾನು ಕಾಗದದ ಮೇಲೆ ಬರೆದು ತೋರಿಸುವುದು, ಅವನು ಹೊಡೆದು ಹಾಕುವುದು. "ದಯವಿಟ್ಟು ನಿಧಾನವಾಗಿ ಮಾತಾಡಿ" ಎಂದು ಬರೆದೆ. ದಯವಿಟ್ಟು ಎಂಬುದರ ಮೇಲೆ ಗೀಟು ಎಳೆದ. "ನನಗೆ ಆರಾಮ ಇಲ್ಲ" ಎಂಬುದನ್ನು ಹರಿದೇ ಹಾಕಿದ. ವೈನಿ ಬಂದು ಇಣುಕಿ, "ನೀ ಪುಸ್ತಕದ ಮಾತು ಬರ್ಯಾಕತ್ತಿ. ಮಾವಾರು ಮಾತಾಡಿದಂಗ ಬರಿ," ಎಂದಳು. ಅವಳು ಹೇಳಿದಂತೆ ಬರೆದದ್ದನ್ನು ಅಪ್ಪ ಎರಡು ಸಲ ಓದಿ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. "ಕಿವಿ ಬರೋಬ್ಬರಿ ಕೇಳತಾವ. ಒದರಬ್ಯಾಡ್ರಿ. ಜವಾಬು ಸಾವಕಾಶ ಬರತೈತಿ."

ಚಾಚಾನಿಗೆ ತೋರಿಸಿದೆ. ಅವರು ಮೊದಲ ಸಾಲನ್ನು ದೊಡ್ಡದು ಮಾಡಿಸಿದರು. ಚಿತ್ರ ಏನು ಹಾಕಲಿ ಎಂದು ಕೇಳಿದಾಗ, "ಏನೂ ಬ್ಯಾಡ. ಇದಕ್ಕ ಅಕ್ಷರ ಸಾಕು," ಎಂದರು. ಬೂದು ಬಣ್ಣದ ಶರ್ಟು, ಕರಿ ಅಕ್ಷರ.

ಅಪ್ಪ ಜನ್ಮದಲ್ಲಿ ಟೀ ಶರ್ಟು ಹಾಕಿದವನಲ್ಲ. ಬಿಳಿ ಅಂಗಿ, ಧೋತರ, ತಲೆಗೆ ಟೋಪಿ. ಮಾರುಕಟ್ಟೆಯ ದಿನ ಬೆಳಿಗ್ಗೆ ಅಣ್ಣ ಅವನ ಬಲಗೈಯನ್ನು ಮೊದಲು ತೋಳಿಗೆ ತೂರಿಸಿ ಶರ್ಟು ತೊಡಿಸಿದ. ಧೋತರದ ಮೇಲೆ ಟೀ ಶರ್ಟು, ಮೇಲೆ ಟೋಪಿ. ನಾನು ರಜೆ ಹಾಕಿ ಹೋಗಿದ್ದೆ. ಒಂದು ವರ್ಷದ ಹತ್ತಿರ ಅವನು ಮಾರುಕಟ್ಟೆಗೆ ಕಾಲಿಟ್ಟಿರಲಿಲ್ಲ. ಗೇಟಿನ ಒಳಗೆ ಹೋಗುತ್ತಲೇ ಘಾಟಿಗೆ ನಾನೂ ಅಣ್ಣನೂ ಸೀನಿದೆವು, ಅಪ್ಪ ಸೀನಲಿಲ್ಲ.

ಜನ ಸುತ್ತ ಸೇರಿದರು. ಎಂದಿನಂತೆ ಒಬ್ಬರು ಕೂಗಲು ಬಾಯಿ ತೆಗೆದವರು ಎದೆಯ ಮೇಲಿನದನ್ನು ಓದಿ ನಿಲ್ಲಿಸಿದರು. ಹಿಂದಿದ್ದ ಹಮಾಲನೊಬ್ಬ ಓದಲು ಬಾರದ ಜೊತೆಗಾರನಿಗೆ ಓದಿ ಹೇಳಿದ. ಯಾರೋ ನಕ್ಕರು, ಅಪ್ಪನೂ ನಕ್ಕ. ಅಂದು ಅವನ ಜೊತೆ ಮಾತಾಡಿದವರೆಲ್ಲ ಸಾದಾ ದನಿಯಲ್ಲಿ ಮಾತಾಡಿದರು, ಮಾತಾಡಿ ಕಾದು ನಿಂತರು. ಒಂದು ರಾಶಿಯ ಹತ್ತಿರ ಅವನು ತಾನಾಗಿ ನಿಂತ. ಎಡಗೈಯಿಂದ ಒಂದು ಕಾಯಿ ಎತ್ತಿ ಬಗ್ಗಿಸಿದ, ಮೂಗಿಗೆ ಹಿಡಿದ. ರಾಶಿಯ ಮಾಲೀಕ ಎದ್ದು ಬಂದು ಕಾದ. 

"ಹಸಿ," ಎಂದ ಅಪ್ಪ.

"ಹೌದ್ರಿ. ಇನ್ನೊಂದೆರಡ ಬಿಸಲ ಬೇಕಿತ್ತು," ಎಂದು ಮಾಲೀಕ ಒಪ್ಪಿಕೊಂಡ.

ಆಮೇಲೆ ನನ್ನ ಯೋಜನೆ ಕೆಟ್ಟಿತು ಎನ್ನಬೇಕು. ಆ ಶರ್ಟು ಇಲ್ಲದೆ ಅಪ್ಪ ಹೊರಗೆ ಹೊರಡಲು ಒಪ್ಪುತ್ತಿರಲಿಲ್ಲ. ಒಂದು ಒಗೆಯಲು ಹಾಕಿದಾಗ ಇನ್ನೊಂದು ಬೇಕು. ಹೊಸ ಚಿತ್ರ, ಹೊಸ ಶಬ್ದ ಎಂದು ಶುರು ಮಾಡಿದವಳು ವರ್ಷದ ಕೊನೆಯ ಆರೇಳು ವಾರ ಆ ಮೂರು ಸಾಲನ್ನೇ ಮತ್ತೆ ಮತ್ತೆ ಬರೆದೆ. ಹಳದಿ ಶರ್ಟನ್ನು ಅವನು ತಿರಸ್ಕರಿಸಿದ, ನೀಲಿ ನಡೆಯಿತು. ಮಾತು ಅಷ್ಟೇನೂ ಮರಳಿಲ್ಲ. ವಾಕ್ಯ ಕಟ್ಟಲು ಬರುವುದಿಲ್ಲ, ಅಂಕಿ ಸಂಖ್ಯೆ ಪೂರ್ತಿ ಹೋಗಿವೆ. ಕ್ಯಾಲೆಂಡರಿನ ಹಿಂದಿನ ಪಟ್ಟಿ ಎರಡನೆಯ ಹಾಳೆಗೆ ದಾಟಿದೆ. ಇನ್ನು ಹೆಚ್ಚು ಬರಲಿಕ್ಕಿಲ್ಲ ಎಂದು ಡಾಕ್ಟರ್ ಹೇಳಿದ್ದಾಳೆ. ವಾರಕ್ಕೆರಡು ಸಲ ಅವನು ಮಾರುಕಟ್ಟೆಗೆ ಹೋಗುತ್ತಾನೆ.

ಹೋದ ತಿಂಗಳು ಆ ಡಾಕ್ಟರ್ ಕಳಿಸಿದ್ದಾಳೆ ಎಂದು ಅಗಡಿ ಊರಿನ ಒಬ್ಬ ಹೆಣ್ಣುಮಗಳು ಶಾಲೆಗೆ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಗಂಡನಿಗೂ ಇದೇ ಆಗಿದೆಯಂತೆ. ಅಪ್ಪನ ಶರ್ಟಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದೆ. ಅವಳು ಓದಿ ತಲೆ ಅಲ್ಲಾಡಿಸಿದಳು.

"ನಮ್ಮ ಮನಿಯವ್ರಿಗೆ ಇದು ಹೊಂದಂಗಿಲ್ರಿ. ಅವರು ಮದ್ಲಿಂದ ಮಾತ ಕಡಿಮಿ. ಯಾರರೆ ಒದರಿದ್ರ ಸಿಟ್ಟ ಇಲ್ಲ. ಆದ್ರ ಎಲ್ಲಾರೂ ಅವರನ್ನ ಬಿಟ್ಟು ನನ್ನ ಕೇಳತಾರ. ಆರಾಮದಾರೇನು, ಉಂಡಾರೇನು ಅಂತ, ಅವರ ಮುಂದನ. ಅದಕ್ಕೇನರೆ ಬರೀರಿ."

ಮನೆಗೆ ಹೋಗಿ ಅವರನ್ನೇ ಕೇಳಿ ಬರಬೇಕು, ಅವರು ಒಪ್ಪಿದ್ದನ್ನೇ ಬರೆಯುವುದು, ಅದಕ್ಕೆ ಕೆಲವು ವಾರ ಹಿಡಿದೀತು ಎಂದು ಹೇಳಿದೆ. ಅವಳು ಆಗಲಿ ಎಂದಳು. ಗಂಡನ ಅಳತೆಗೆಂದು ಒಂದು ಹಳೆಯ ಅಂಗಿಯನ್ನು ಚೀಲದಲ್ಲಿ ತಂದಿದ್ದಳು. ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿ ಹಾಸಿ, ಹೆಗಲಿನ ಹತ್ತಿರ ಒಂದಿಷ್ಟು ಸಡಿಲ ಇರಲಿ, ತೊಡಿಸಲು ಅನುಕೂಲವಾಗುತ್ತದೆ ಎಂದಳು.