ಜ್ವರದ ರಾತ್ರಿ ಉಳಿದ ಕುಲಾವಿ

ಕರೆಂಟು ಹೋದಾಗ ಸುಲೇಯ್ಕಾ ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು. ಕಂಪ್ಯೂಟರಿನ ಪ್ಲಗ್ ಕೀಳಬೇಕೆಂದು ಹೊಳೆಯಿತು, ಆದರೆ ಸೋಪು ಮೆತ್ತಿದ ಅಮಾಯಾಳನ್ನು ಟಬ್ಬಿನಲ್ಲಿ ಬಿಟ್ಟು ಹೇಗೆ ಓಡುವುದು? ಮೋಕಾ ಊರಿನಲ್ಲಿ ಕರೆಂಟು ಹೋಗುವುದಕ್ಕಿಂತ ಬರುವುದೇ ಕೇಡು. ಬರುವಾಗ ಒದ್ದುಕೊಂಡೇ ಬರುತ್ತದೆ. ಹಾಗೇ ಬಂತು. ಒಳಗೆ ಟಪ್ಪೆಂದಿತು, ಕಂಪ್ಯೂಟರು ಸುಟ್ಟ ವಾಸನೆ ಹಬ್ಬಿತು.

ಅತ್ತೆ ಎನೇಯ್ದಾಳ ಲೇಸಿನ ನಕ್ಷೆಗಳೆಲ್ಲ ಅದರೊಳಗಿದ್ದವು. ದಿಂಬಿನ ಮೇಲೆ ರಟ್ಟಿನ ನಕ್ಷೆಯಿಟ್ಟು, ಗುಂಡುಪಿನ್ನು ಚುಚ್ಚಿ, ನೂಲು ಸುತ್ತಿದ ಕಡ್ಡಿಗಳನ್ನು ಆಚೀಚೆ ಹಾಕುತ್ತ ಲೇಸು ಹೆಣೆಯುವುದು ಆ ಮನೆಯ ಹೆಂಗಸರ ಕೆಲಸ. ಪಿನ್ನಿನ ತೂತುಗಳಿಂದ ಜರಡಿಯಾದ ರಟ್ಟುಗಳಿಗೆ ಗೆದ್ದಲು ಹಿಡಿದಾಗ ಸುಲೇಯ್ಕಾಳೇ ಎಲ್ಲವನ್ನೂ ಸ್ಕ್ಯಾನ್ ಮಾಡಿ ಬಿಸಾಕಿದ್ದಳು. ಕಂಪ್ಯೂಟರಿನಲ್ಲಿರುವುದರ ಇನ್ನೊಂದು ಪ್ರತಿಯನ್ನು ಇಂಟರ್ನೆಟ್ಟಿನಲ್ಲಿ ಕಾಪಾಡುವ ಬ್ಯಾಕಪ್ ಸೇವೆಗೆ ಸೇರಿದ್ದಳಲ್ಲ, ಆ ಧೈರ್ಯ. ಈಗ ಅಮಾಯಾಳ ಜ್ಞಾನಸ್ನಾನ ಹತ್ತಿರ ಬಂದಿತ್ತು. ಆ ಮನೆಯ ಪ್ರತಿ ಕೂಸೂ ಮುತ್ತಜ್ಜಿಯ ನಕ್ಷೆಯ ಕುಲಾವಿ ತೊಟ್ಟೇ ಇಗರ್ಜಿಗೆ ಹೋದದ್ದು.

"ಮೇಲೆಲ್ಲೋ ಇಟ್ಟಿದೀನಿ ಅಂದಿದ್ಯಲ್ಲ, ಇಳಿಸು," ಎಂದಳು ಅತ್ತೆ.

ಫೋನಿನಲ್ಲಿ ತೆರೆದು ನೋಡಿದರೆ ಕೊನೆಯ ಪ್ರತಿ ಮಾರ್ಚಿನದು. ಈಗ ಜೂನ್. ಸುಲೇಯ್ಕಾ ಕೂಡಲೇ ಸೇವೆಯವರಿಗೆ ಫೋನು ಮಾಡಿದಳು.

"ಪ್ರತಿ ತಗೊಳ್ಳೋದು ರಾತ್ರಿ ಹೊತ್ತು, ಮೇಡಂ," ಎಂದಳು ಆಚೆಯ ಹುಡುಗಿ. "ಮಶೀನು ಆನ್ ಇರುತ್ತಲ್ವಾ?"

"ಪ್ಲಗ್ ಕಿತ್ತಿಡ್ತೀವಿ. ಫ್ರಿಜ್ ಒಂದು ಬಿಟ್ಟು ಎಲ್ಲಾದ್ರದ್ದೂ."

"ದಿನಾನಾ?"

"ಇಲ್ಲಿ ಎಲ್ಲರೂ ಕೀಳ್ತಾರಮ್ಮ."

ಆಚೆ ಕೀಲಿಮಣೆ ಟಕಟಕ ಎಂದಿತು. "ಹಾಗಿದ್ರೆ ಮಾರ್ಚಲ್ಲಿ ಒಂದಿನ ಕೀಳೋದು ಮರ್ತಿದೀರ."

ಅತ್ತೆ ಕಡ್ಡಿಗಳನ್ನು ಕೆಳಗಿಟ್ಟಳು. "ನನ್ನ ಗೆದ್ದಲು ಕೂಡ ಇಷ್ಟು ಬೇಗ ತಿಂದಿರ್ಲಿಲ್ಲ ಬಿಡು."

ಮಾರ್ಚಿನಲ್ಲಿ ಮರೆತದ್ದು ಯಾವಾಗ? ಅಮಾಯಾಳಿಗೆ ಜ್ವರ ಬಂದ ದಿನ. ಸ್ಕ್ಯಾನ್ ಮಾಡುತ್ತಿದ್ದವಳು ಎಲ್ಲ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದ್ದಳು. ಮರುದಿನ ಬಂದಾಗ "ಮನೆ ಸುಡ್ತಿದ್ಯಲ್ಲೇ" ಎಂದು ಇದೇ ಅತ್ತೆ ಬೈದಿದ್ದಳು. ಆದರೆ ಆಗ ಸ್ಕ್ಯಾನರಿನ ಗಾಜಿನ ಮೇಲಿದ್ದ ರಟ್ಟು ಯಾವುದು? ಕುಲಾವಿಯೋ, ಕರವಸ್ತ್ರದ ಅಂಚೋ? ಜ್ವರದ ಅಂಕಿ ನೆನಪಿತ್ತು, ಕೂಸಿನ ಕೆಂಡದಂಥ ಅಂಗಾಲು ನೆನಪಿತ್ತು, ರಟ್ಟು ನೆನಪಿರಲಿಲ್ಲ. ಕುಲಾವಿ ಆಮೇಲಿನ ದಿನದ್ದಾಗಿದ್ದರೆ?

ಒಂದೊಂದೇ ಚಿತ್ರ ಇಳಿಯಿತು. ಬೀಸಣಿಗೆ, ಕೊರಳಪಟ್ಟಿ, ಕರವಸ್ತ್ರ. ಕಟ್ಟಕಡೆಯದು ವಾಲಿಕೊಂಡಿತ್ತು. ಮೂಲೆಯಲ್ಲಿ ಹಾಲಿನ ಕಲೆಯಾದ ಬಟ್ಟೆಯ ತುದಿ, ನಡುವೆ ಕುಲಾವಿಯ ತೂತುಗಳು. ಅದರಾಚೆಗೆ ಏನೂ ಇಲ್ಲ. ಆಮೇಲೆ ಮಾಡಿದ್ದೆಲ್ಲ ಹೋಗಿತ್ತು.

ಅತ್ತೆ ಫೋನನ್ನು ಕಣ್ಣಿಗೆ ಹತ್ತಿರ ತಂದು ತುಂಬಾ ಹೊತ್ತು ನೋಡಿದಳು. "ಮೊದಲು ರಟ್ಟಿಗೆ ಇಳಿಸೋಣ," ಎಂದಳು. ಬೈಯಲಿಲ್ಲ.

"ಹೊಸ ಮಶೀನು ತಂದ್ಮೇಲೆ ಏನ್ ಮಾಡ್ಲಿ ಅತ್ತೆ? ಪ್ಲಗ್ ಕಿತ್ರೆ ನಕ್ಷೆ ಹೋಗುತ್ತೆ, ಬಿಟ್ರೆ ಮಶೀನು ಹೋಗುತ್ತೆ."

"ನನ್ನ ಕೇಳ್ತೀಯಲ್ಲ. ಮಧ್ಯಾಹ್ನ ಪ್ರತಿ ತಗೋ ಅನ್ನು ಅದಕ್ಕೆ. ಕೂಸಿಗೆ ಹಾಲು ಕೊಡ್ತಾ ಪಕ್ಕದಲ್ಲೇ ಕೂತಿರು."

"ಹಾಲು ಕೊಡುವಾಗ್ಲೇ ಕರೆಂಟು ಹೋದ್ರೆ?"

ಅತ್ತೆ ರಟ್ಟು ಕತ್ತರಿಸುತ್ತ ಹೇಳಿದಳು: "ಕಾಲಲ್ಲಿ ಕೀಳು."