ಬೇರಿಂಗ್ ಕೂರಿಸುವ ದಿನ

ಮೆಕ್ಯಾನಿಕ್ ಬೇರಿಂಗ್ ಕೂರಿಸುವ ದಿನ ಬಂತೆಂದರೆ ಅವರ ಹೆಂಡತಿಗೆ ಉಸಿರಾಡಲೂ ಅಪ್ಪಣೆ ಬೇಕು. ವರ್ಕ್‌ಶಾಪು ಮನೆಯ ಮುಂಭಾಗದಲ್ಲೇ ಇರುವುದರಿಂದ ಫ್ಯಾನ್ ಹಾಕುವಂತಿಲ್ಲ, ಕಸ ಗುಡಿಸುವಂತಿಲ್ಲ. ಒಮ್ಮೆ ಆಕೆ ಸೀನಿದ್ದಕ್ಕೆ, "ಒಂದು ಕಣ ಧೂಳು ಸಾಕು ಕಣೇ, ಇಂಜಿನ್ ಹೋಯ್ತು!" ಎಂದು ಗುಡುಗಿದ್ದರು. ಗ್ರೀಸ್ ಕೈಯಲ್ಲೇ ಊಟಕ್ಕೆ ಕೂರುವ ಈ ಮಹಾನುಭಾವರು ಬೇರಿಂಗ್ ಮುಟ್ಟುವ ಮುಂಚೆ ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಾರೆ. ಅದನ್ನು ಒರೆಸಲು ಆಕೆಯ ಮೆತ್ತನೆಯ ದಿಂಬಿನ ಕವರೇ ಆಗಬೇಕು. ಒಳಮೈಗೆ ಬೆರಳ ತುದಿಯಿಂದ ಆಯಿಲ್ ಸವರಿ, ಬೋಲ್ಟ್ ಬಿಗಿದು, ಬೇರಿಂಗ್ ಮೇಲೆ ತಿರುಗುವ ಕ್ರ್ಯಾಂಕ್ ದಂಡವನ್ನು ಕೈಯಲ್ಲೇ ತಿರುಗಿಸಿ ನೋಡಿ, "ಉಹೂಂ" ಎಂದು ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. "ಅಡುಗೆಮನೆ ಬಾಗಿಲು ವರ್ಷದಿಂದ ಕಿರ್ರ್ ಅಂತಿದೆ, ಅದಕ್ಕೂ ಒಂದು ತೊಟ್ಟು ಆಯಿಲ್ ಬಿಡ್ರೀ" ಎಂದು ಆಕೆ ಅಂದರೆ, "ಬಾಗಿಲೇನು ರಸ್ತೇಲಿ ಕೆಟ್ಟು ನಿಲ್ಲುತ್ತಾ?" ಎನ್ನುತ್ತಾರೆ. ಇಷ್ಟೆಲ್ಲ ಹಾರಾಡುವ ಮನುಷ್ಯ, ಗಾಡಿಗೆ ಕೂರಿಸಿದ ಇಂಜಿನ್ ಮೊದಲ ಸಲ ಸ್ಟಾರ್ಟ್ ಆಗುವ ಹೊತ್ತಿಗೆ "ಇವಳೇ, ಕೀ ನೀನೇ ತಿರುಗಿಸು" ಎಂದು ಬೀದಿಗಿಳಿದು ಬೆನ್ನು ಮಾಡಿ ನಿಲ್ಲುತ್ತಾರೆ. ಆಯಿಲ್ ಮೇಲೇರಿ ಬೇರಿಂಗ್ ತಲುಪುವವರೆಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟ್ ಉರಿಯುತ್ತಿರುತ್ತದೆ; ಅದು ಆರದಿದ್ದರೆ ಕೂರಿಸಿದ ಬೇರಿಂಗ್ ಸುಟ್ಟಂತೆಯೇ. ಆ ನಾಲ್ಕು ಕ್ಷಣ ನೋಡುವ ಎದೆಗಾರಿಕೆ ಇಪ್ಪತ್ತೈದು ವರ್ಷವಾದರೂ ಅವರಿಗೆ ಬಂದಿಲ್ಲ. ಲೈಟ್ ಹೋದರೂ ಹೇಳಬಾರದು, ದಿಂಬಿನ ಕವರುಗಳ ಸೇಡಿಗೆ ಇನ್ನಷ್ಟು ಹೊತ್ತು ಒದ್ದಾಡಲಿ ಎಂದು ಆಕೆ ಪ್ರತಿ ಸಲವೂ ನಿಶ್ಚಯಿಸಿಕೊಂಡೇ ಸೀಟಿನಲ್ಲಿ ಕೂರುತ್ತಾಳೆ. ಆದರೆ ಆ ಬೆನ್ನಿಗೆ ಅಂಗಿ ಬೆವರಿನಿಂದ ಅಂಟಿಕೊಂಡಿರುವುದು ಕಣ್ಣಿಗೆ ಬಿದ್ದದ್ದೇ ತಡ, ಕೆಂಪು ಲೈಟ್ ಇನ್ನೂ ಉರಿಯುತ್ತಿರುವಾಗಲೇ, "ಲೈಟ್ ಹೋಯ್ತು ಕಣ್ರೀ, ಬನ್ನಿ ಒಳಗೆ!" ಎಂದು ಕೂಗಿಬಿಡುತ್ತಾಳೆ.