ಪಂಪು ಹಾಕಿದರೆ ತಿರುಗುವ ಕಂಪಾಸು

ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ್ದ ನಾನು ಹೊನ್ನಾವರ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ವೈರಿಂಗ್ ಕೆಲಸ ನೋಡಿಕೊಳ್ಳುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ ಬೋಟಿನ ಮಾಲೀಕ ಮಂಜುನಾಥರು ತಮ್ಮ ಬೋಟಿಗೆ ಕರೆಸಿದರು. ಹಿಂದಿನ ದಿನ ದಟ್ಟ ಮಂಜಿನಲ್ಲಿ ಮರಳುವಾಗ ಅವರ ಬೋಟು ನದಿ ಕಡಲು ಸೇರುವ ಅಳಿವೆಯ ದಾರಿ ಬಿಟ್ಟು ಮರಳುದಿಬ್ಬಕ್ಕೆ ತಳ ಉಜ್ಜಿತ್ತು. ದೊಡ್ಡ ಅಲೆಯೊಂದು ಎತ್ತಿ ಆಳದ ನೀರಿಗೆ ಬಿಟ್ಟಿದ್ದರಿಂದ ಎಲ್ಲರೂ ಬದುಕಿ ಬಂದಿದ್ದರು. ಜಿಪಿಎಸ್ ರಿಪೇರಿಗೆ ಹೋಗಿತ್ತು. ದಿಕ್ಕಿಗೆ ಕಂಪಾಸೊಂದೇ ಗತಿ.

“ಕಂಪಾಸು ಸರಿನೇ ಅದೆ. ಗಣಪತಿ ಕಣ್ಣೇ ಹೋಗಿರ್ಬೇಕು. ಬೇರೆ ತಾಂಡೇಲನ್ನ ನೋಡ್ತೆ,” ಎಂದರು ಮಂಜುನಾಥರು. ತಾಂಡೇಲನೆಂದರೆ ಬೋಟು ನಡೆಸುವ ಮುಖ್ಯಸ್ಥ.

ಗಣಪತಿ ಅಲ್ಲೇ ನಿಂತಿದ್ದರು. ಹುಡುಗನಾಗಿದ್ದಾಗಿನಿಂದ ಕಡಲಿಗಿಳಿದವರು. ಯಾರ ಮುಖವನ್ನೂ ನೋಡದೆ ನನಗೆ ಹೇಳಿದರು: “ದಕ್ಕೆಲಿ ಸರಿಯಾಗೇ ತೋರಸ್ತದೆ ಮೇಸ್ತ್ರಿ. ಸಮುದ್ರಕ್ಕೆ ಹೋದ್ರೆ ಸುಳ್ಳು ಹೇಳ್ತದೆ. ಎಂತ ಮಾಡೂದು?”

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬೋಟು ಕಟ್ಟಿ ನಿಲ್ಲಿಸುವ ದಕ್ಕೆಯಲ್ಲಿ ಬಂದ್ ಇದ್ದು ಸಮುದ್ರದಲ್ಲಿ ಮಾತ್ರ ಚಾಲೂ ಆಗುವುದು ಯಾವುದು? ಒಂದೊಂದೇ ಸ್ವಿಚ್ ಹಾಕುತ್ತ ಬಂದೆ. ದೀಪಕ್ಕೆ, ವೈರ್‌ಲೆಸ್‌ಗೆ ಕಂಪಾಸಿನ ಮುಳ್ಳು ಅಲುಗಲಿಲ್ಲ. ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪಿನ ಸ್ವಿಚ್ ಒತ್ತಿದ ಕೂಡಲೇ ಮುಳ್ಳು ನಡುಗಿ, ಸರ್ರನೆ ಪಕ್ಕಕ್ಕೆ ತಿರುಗಿ ನಿಂತಿತು. ಆರಿಸಿದೆ, ಮೊದಲಿನ ಜಾಗಕ್ಕೆ ಮರಳಿತು.

“ಅಯ್ಯೋ ದೇವ್ರೇ!” ಎಂದರು ಮಂಜುನಾಥರು.

ಕರೆಂಟು ಹರಿಯುವ ತಂತಿಯ ಸುತ್ತ ಬಳೆಯಂತೆ ಕಾಂತಕ್ಷೇತ್ರ ಏಳುತ್ತದೆ. ಕರೆಂಟು ಹೆಚ್ಚಿದಷ್ಟೂ, ತಂತಿ ಹತ್ತಿರವಿದ್ದಷ್ಟೂ ಅದರ ಬಲ ಹೆಚ್ಚು. ಪಂಪು ಹೊಸದು, ಬೇರೆ ಬಂದರಿನಲ್ಲಿ ಕೂರಿಸಿದ್ದು. ಅದರ ಪಾಸಿಟಿವ್ ತಂತಿ ಕಂಪಾಸಿನ ಅಡಿಯಲ್ಲೇ ಹಾದುಹೋಗಿತ್ತು, ನೆಗೆಟಿವ್ ತಂತಿ ದೂರದಲ್ಲಿ ಬೇರೆ ದಾರಿಯಿಂದ ಬಂದಿತ್ತು. ಎರಡನ್ನೂ ಜೊತೆಗೂಡಿಸಿದರೆ ಎದುರುಬದುರಾಗಿ ಹರಿಯುವ ಕರೆಂಟಿನ ಕ್ಷೇತ್ರಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಎರಡೂ ತಂತಿಗಳನ್ನು ಹೊಸೆದು ಕಂಪಾಸಿನಿಂದ ದೂರ ಒಯ್ದೆ.

“ಈಗ ನೀವೇ ಹಾಕಿ ನೋಡಿ,” ಎಂದೆ ಗಣಪತಿಯವರಿಗೆ.

ಅವರು ಸ್ವಿಚ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಪಂಪು ಗುಂಯ್‌ಗುಡುತ್ತಿತ್ತು, ಮುಳ್ಳು ಕದಲಲಿಲ್ಲ. ಅವರ ಕಣ್ಣು ತುಂಬಿ ಬಂತು.

“ತಪ್ಪಾತು ಗಣಪತಣ್ಣ. ಬೋಟು ನೀವೇ ನಡೆಸ್ಬೇಕು,” ಎಂದರು ಮಂಜುನಾಥರು.

“ಆತು. ಹಾಗಾರೆ ಐಸ್ ತುಂಬ್ಸಿ, ಹೊರಡ್ವ,” ಎಂದರು ಗಣಪತಿ.

ಅಂದಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಬೋಟು ಹತ್ತಿದರೆ ಮೊದಲು ಅದನ್ನು ನಡೆಸುವವರ ಮಾತನ್ನು ಪೂರ್ತಿ ಕೇಳುತ್ತೇನೆ. ಮೀಟರು ಹೊರತೆಗೆಯುವುದು ಆಮೇಲೆ.